ಲೇಸು

ಕಾರಿಗೆ ಮೂವತ್ತನಾಲ್ಕು ವರ್ಷ, ನಮ್ಮ ಮದುವೆಗೆ ಮೂವತ್ತಮೂರು.
ಮೊದಲು ಬಂದವಳು ಅವಳೇ, ಎಂದು ನಗುತ್ತಿದ್ದ ತೆಂಬಿಲೆ.
ಕರಿಯೇಗದ ಕಾರ್ಖಾನೆಯಲ್ಲಿ ಬಾಗಿಲಿಗೆ ಬೆಸುಗೆ ಹಾಕಿದವನು,
ಅದೇ ಬಾಗಿಲು ಒಂದು ಅಡಿಪಟ್ಟಿಗೆ
ಹೇಗೆ ಬಾಯಿಬಿಡುತ್ತದೆ ಎಂದೂ ಬಲ್ಲವನು.
ನಾನೇ ಮಾಡಿದ್ದಲ್ಲವೇ ನೊಂಬುಲೆಲೊ,
ಅದಕ್ಕೇ ನಂಬಿಕೆಯಿಲ್ಲ.

ಅದಕ್ಕೇ ಬೀಗಗಳು.
ಸ್ಟೀರಿಂಗಿಗೆ ಅಡ್ಡಲಾಗಿ ಹಳದಿ ಬಳಿದ ಕಬ್ಬಿಣದ ಕೋಲು.
ಗೇರಿನ ಕುತ್ತಿಗೆಗೆ ಹೆಬ್ಬೆರಳು ದಪ್ಪದ ಕೊಕ್ಕೆ.
ಕ್ಲಚ್ಚು ಬ್ರೇಕುಗಳ ಕಾಲು ಕಟ್ಟಿದ ಸರಪಳಿ ನಮ್ಮ ನಾಯಿಯದು;
ನಾಯಿ ಸತ್ತಿತು, ಅದರ ಕೆಲಸ ಉಳಿದಿತ್ತು.
ಬಾನೆಟ್ಟಿಗೊಂದು ಹಿತ್ತಾಳೆಯದು, ಅವನ ಅಪ್ಪನ ಟ್ರಂಕಿನಿಂದ ಬಿಚ್ಚಿದ್ದು.
ಬೀಗಗಳನ್ನು ಬೀಗರ ಹಾಗೆ ಉಪಚರಿಸುತ್ತಿದ್ದ:
ಭಾನುವಾರ ಎಣ್ಣೆ, ಮಳೆ ಬಿದ್ದರೆ ಮೈಯೊರೆಸಲು ಬಟ್ಟೆ.
ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವವರು ನಾವೆಲ್ಲ,
ಇವನು ಕೊಳ್ಳೆಗಾರ ಹುಟ್ಟುವ ಮೊದಲೇ ಅಗುಳಿ ಹಾಕುವವನು.

ಎದುರುಮನೆಯ ವುಯಿಸಿಲೆಯದು ಹೊಸ ಕಾರು.
ಗುಂಡಿ ಒತ್ತಿದರೆ ಗುಬ್ಬಿಯಂತೆ ಚಿಂವ್ ಎನ್ನುವುದು.
ಒಂದು ರಾತ್ರಿ ಬೇರೆ ಯಾರದೋ ಬೆರಳಿಗೂ
ಅಷ್ಟೇ ಅಕ್ಕರೆಯಿಂದ ಚಿಂವ್ ಎಂದು ಹೊರಟೇಹೋಯಿತು.
ಬೆಳಿಗ್ಗೆ ತೆಂಬಿಲೆ ಏನೂ ಹೇಳಲಿಲ್ಲ.
ಭಾನುವಾರವಲ್ಲದಿದ್ದರೂ ಎಣ್ಣೆಡಬ್ಬಿ ತಂದ, ಅಷ್ಟೇ.

ನನಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ.
ನಾಲ್ಕೂ ಬೀಗ ತೆಗೆದು, ಸೀಟಿನಲ್ಲಿ ಕೂತು,
ಆಮೇಲೆ ಬಗ್ಗಿ ಲೇಸು ಕಟ್ಟುತ್ತಿದ್ದ.
ಚರ್ಚಿನಲ್ಲಿ ಎರಡನೇ ಹಾಡು ಮುಗಿದಿರುತ್ತಿತ್ತು.
ಮನೆಯಲ್ಲೇ ಕಟ್ಟಿಕೊಂಡು ಬಂದರೆ ಏನು ರೋಗ ನಿನಗೆ?
ಸುಮ್ಮನೆ ನಗುತ್ತಿದ್ದ.

ಜೂನಿನ ಚಳಿಯಲ್ಲಿ ಅವನ ಬಲಭಾಗ ಬಿದ್ದುಹೋಯಿತು,
ಮಾತೂ ಹೋಯಿತು.
ಆಂಬುಲೆನ್ಸು ಅವನನ್ನು ಕಡಲ ಪಟ್ಟಣಕ್ಕೆ ಒಯ್ದಿತು.
ಮರುದಿನ ಕೀಲಿಗೊಂಚಲು ಹಿಡಿದು ನಾನು ಕಾರಿಗಿಳಿದೆ.
ಕೋಲು ಬಿಚ್ಚಿದೆ, ಕೊಕ್ಕೆ ಬಿಚ್ಚಿದೆ,
ಸರಪಳಿ ಬಿಚ್ಚುವಾಗ ಉಗುರು ಮುರಿಯಿತು.
ಕಾರು ಗುರ್ರೆಂದಿತು! ಗೆದ್ದೆ ಎಂದುಕೊಂಡೆ.
ರೊಟ್ಟಿ ಅಂಗಡಿಯ ತಿರುವಿನಲ್ಲಿ ಎರಡು ಬಾರಿ ಕೆಮ್ಮಿ
ಸತ್ತುಹೋಯಿತು.
ಶಾಲೆ ಬಿಟ್ಟ ಹುಡುಗರು ಹಿಂದಿನಿಂದ ತಳ್ಳಿದರು,
ಅಜ್ಜೀ, ಸ್ವಂತ ಕಾರನ್ನೇ ಕದಿಯಲು ಬರಲಿಲ್ಲವಲ್ಲ ನಿನಗೆ, ಎಂದರು.

ಟ್ಯಾಕ್ಸಿಯಲ್ಲಿ, ಹದಿನೈದು ಜನರ ಮೊಣಕೈ ನಡುವೆ, ಆಸ್ಪತ್ರೆಗೆ ಹೋದೆ.
ಏನು ಮಾಡಿದ್ದೀ ಅವಳಿಗೆ, ಎಂದು ಕೇಳಿದೆ.
ತುಟಿ ಅಲುಗಿತು, ಶಬ್ದವಿಲ್ಲ.
ಎಡಗೈ ಮಾತ್ರ ಹೊದಿಕೆಯ ಮೇಲೆ ತೆವಳಿ
ಪಾದದ ಕಡೆಗೆ, ಮತ್ತೆ ಪಾದದ ಕಡೆಗೆ.
ತುರಿಕೆಯಿರಬೇಕು, ಎಂದಳು ನರ್ಸು. ಕೆರೆದಳು.
ಅವನು ಕಣ್ಣು ಮುಚ್ಚಿಕೊಂಡ, ದಡ್ಡರ ನಡುವೆ ಸಿಕ್ಕವನಂತೆ.

ಮಂಚದ ಕೆಳಗೆ ಅವನ ಚಪ್ಪಲಿಗಳಿದ್ದವು.
ಬೇಸಿಗೆಯೆಲ್ಲ ಇವನ್ನೇ ತೊಟ್ಟಿದ್ದನಲ್ಲ.
ಚಪ್ಪಲಿಗೆ
ಲೇಸು ಎಲ್ಲಿಯದು?

ಆ ರಾತ್ರಿ ಟಾರ್ಚು ಹಲ್ಲಲ್ಲಿ ಕಚ್ಚಿ
ಅವನ ಸೀಟಿನಲ್ಲಿ ಕೂತು, ಅವನಂತೆಯೇ ಬಗ್ಗಿದೆ.
ರತ್ನಗಂಬಳಿಯ ಹರಕಿನೊಳಗೆ ಬೆರಳಿಗೆ ಸಿಕ್ಕಿತು
ಪೆಟ್ರೋಲು ಕೊಳವೆಗೆ ಕೂರಿಸಿದ ಪುಟ್ಟ ನಲ್ಲಿ,
ಮುಟ್ಟಿ ಮುಟ್ಟಿ ನುಣುಪಾದದ್ದು.
ಕೀಲಿಯಿಲ್ಲದ ಐದನೆಯ ಬೀಗ.
ಮೂವತ್ತಮೂರು ವರ್ಷ ಪಕ್ಕದ ಸೀಟಿನಲ್ಲೇ ಕೂತಿದ್ದೆ!
ಕಳ್ಳರ ಪಟ್ಟಿಯಲ್ಲಿ ನನ್ನನ್ನೂ ಬರೆದಿದ್ದನೇ,
ಇಲ್ಲ ನಾನೇ ಕೇಳಲಿಲ್ಲವೇ?
ಅತ್ತೆನೋ ಬೈದೆನೋ, ಟಾರ್ಚು ಬಾಯಲ್ಲಿತ್ತು.

ಮರುದಿನ ನಾನೇ ಓಡಿಸಿಕೊಂಡು ಹೋದೆ.
ಆಸ್ಪತ್ರೆಯ ಬೇಲಿ ಬದಿ ನಿಲ್ಲಿಸಿ ಒಂದೊಂದೇ ಹಾಕಿ ಬರುವಷ್ಟರಲ್ಲಿ
ಭೇಟಿಯ ಹೊತ್ತಿನಲ್ಲಿ ಕಾಲುಗಂಟೆ ಮುಗಿದಿತ್ತು.
ಗೊಂಚಲನ್ನು ಅವನ ಎಡಗೈಯಲ್ಲಿಟ್ಟೆ.
ಹೆಬ್ಬೆರಳಿನಿಂದ ಎಣಿಸಿದ, ಒಂದು, ಎರಡು, ಮೂರು, ನಾಲ್ಕು.
ನಿಲ್ಲಿಸಿ ನನ್ನ ಮುಖ ನೋಡಿದ.
ನಾನು ನೆಲಕ್ಕೆ ಬಗ್ಗಿ
ನನ್ನ ಬರಿಗಾಲ ಚಪ್ಪಲಿಗೆ
ನಿಧಾನವಾಗಿ ಲೇಸು ಕಟ್ಟಿದೆ.

ಬಾಯಿಯ ಎಡ ಅರ್ಧ ನಕ್ಕಿತು.