ಸಾಲಿಗೊಂದು ವಾಕ್ಯ

ಮೊದಲ ಕಡತ ತಂದವನು ವಿರೂಪಾಕ್ಷಿ.
ನೆಟ್ ಸೆಂಟರಿನಲ್ಲಿ ಮೂರು ರಾತ್ರಿ ಕೂತು ಟೈಪಿಸಿದ್ದ:
ಹಳೇ ಫಾಂಟು, ಕೆಂಪು ಶೀರ್ಷಿಕೆ, ಸುತ್ತ ಹೂಬಳ್ಳಿಯ ಅಂಚು.
ನಮ್ಮ ಕಂಪ್ಯೂಟರಿನಲ್ಲಿ ತೆರೆದರೆ
ಕನ್ನಡವೇ ಇಲ್ಲ.
ಇಂಗ್ಲಿಷ್ ಅಕ್ಷರಗಳು ಟೋಪಿ ಹಾಕಿ, ಬಾಲ ಬಿಟ್ಟುಕೊಂಡು
ಜಗಳಕ್ಕೆ ನಿಂತಿದ್ದವು.
'ನನ್ನದರಾಗ ಚೆಂದ ಇತ್ತಲ್ಲ' ಎಂದ.
ರಾಯದುರ್ಗದ ಮೇ ತಿಂಗಳು. ಕರೆಂಟು ಹೋಯಿತು.
ಮಾತೂ ಅಲ್ಲಿಗೇ ನಿಂತಿತು.

ನಾವು ಐದು ಜನ, ಜೀನ್ಸ್ ಹೊಲಿಯುವ ಶೆಡ್ಡಿನ ಹಿಂದಿನ ಕೋಣೆ.
ಗೋಡೆಗೆ, ಕೀಲಿಮಣೆಗೆ, ಬುತ್ತಿಡಬ್ಬಿಯ ಮುಚ್ಚಳಕ್ಕೆ
ನೀಲಿ ಧೂಳು.
ಅಳತೆ ಕೊಟ್ಟರೆ ಪ್ಯಾಟರ್ನ್ ಬರೆದುಕೊಡುವ ತಂತ್ರಾಂಶವೊಂದಿದೆ,
ಯಾರದ್ದೂ ಅಲ್ಲ, ಅದಕ್ಕೇ ಎಲ್ಲರದ್ದು;
ಕಾಸಿಲ್ಲ, ಬೀಗವಿಲ್ಲ,
ಬಳಸುವುದು ಹೇಗೆಂದು ಹೇಳುವವರೂ ಇಲ್ಲ.
ಆ ಕೈಪಿಡಿ ನಮ್ಮ ಪಾಲಿಗೆ ಬಂತು:
ಎಡಕ್ಕೆ ಕನ್ನಡ, ಬಲಕ್ಕೆ ಶಶಿರೇಖಳ ತೆಲುಗು.

ಯಾವುದರಲ್ಲಿ ಬರೆಯುವುದು?
ಪಿಡಿಎಫ್ ಎಂದ ಜಿಲಾನಿ. ಮಾಡಿ ನೋಡಿದೆವು.
ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ಕೂತವು,
'ಪಟ್ಟಿ'ಯೊಳಗಿನ ಎರಡು ಟಗಳಿಗೂ ಮಾತಿಲ್ಲ ಕತೆಯಿಲ್ಲ.
ಬರೀ ಚಿತ್ರ ಸಾಕು ಎಂದೆ ನಾನು;
ಮುಂದಿನ ಆವೃತ್ತಿಯಲ್ಲಿ ಗುಂಡಿಗಳು ಜಾಗ ಬದಲಿಸಿ
ನನ್ನ ಅರವತ್ತು ಚಿತ್ರ ಒಂದೇ ದಿನಕ್ಕೆ ಮುದಿಯಾದವು.
ಕೊನೆಗೆ ಬರಿಯ ಪಠ್ಯ.
ಶೀರ್ಷಿಕೆಯ ಮುಂದೊಂದು ಹ್ಯಾಶು,
ಒತ್ತಿ ಹೇಳಬೇಕಾದಲ್ಲಿ ಆಚೆಗೆರಡು ಈಚೆಗೆರಡು ನಕ್ಷತ್ರ.

ಕಟಿಂಗ್ ಮಾಸ್ಟರ್ ಹೊನ್ನೂರ್ ಸಾಬ್ ಕನ್ನಡಕ ಹಣೆಗೇರಿಸಿ ಬಗ್ಗಿದ.
'ಏನವ್ವಾ ಇದು, ಕೋಳಿ ಕೆದರಿದಂಗ?'
'ಗುರುತು ಮಾಸ್ಟರ್. ಓದೋರಿಗೆ ಕಾಣಲ್ಲ.'
ಆತ ಕತ್ತರಿಸಿಟ್ಟ ಕಾಲಿನ ತುಂಡೊಂದನ್ನು ಬೆಳಕಿಗೆ ಹಿಡಿದ.
ನೂಲಿನ ಓಟಕ್ಕೆ ಸೀಮೆಸುಣ್ಣದ ಬಾಣ,
ಮಡಿಕೆಗೆ ಜೋಡಿಗೆರೆ,
ಕೂಡಿಸುವಲ್ಲಿ ಅಂಚಿಗೊಂದು ಕಚ್ಚು.
'ತೊಟ್ಟುಕೊಳ್ಳೋನು ಇದನ್ನ ನೋಡ್ತಾನೇನು?'

ಆಮೇಲೆ ಜಗಳ ಪದಗಳದು.
'ಒತ್ತಿ' ಅಂದರೆ ಇಲ್ಲಿ ಇಸ್ತ್ರಿ,
'ಕ್ಲಿಕ್ಕಿಸಿ' ಅಂದರೆ ಫೋಟೋ,
ಒಂದು ಸಂಜೆ ಪೂರ್ತಿ ಹೋಗಿ 'ಕ್ಲಿಕ್ ಮಾಡಿ' ಉಳಿಯಿತು.
ಸೊಂಟವೋ ನಡುವೋ ಎಂಬಲ್ಲಿ ಶಶಿರೇಖ
'ನಮ್ಮದು ನಡುಮು' ಅಂದಳು.
ನಡು ಎಂದೇ ಬರೆದೆವು, ಗಡಿಯ ಕಲ್ಲು ಕೇಳಲಿಲ್ಲ.

ಒಂದು ನಿಯಮಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ:
ಸಾಲಿಗೊಂದೇ ವಾಕ್ಯ.
ಪ್ರಿಂಟು ನೋಡಿ ಮಾಸ್ಟರ್ ನಕ್ಕ,
'ಪದ್ಯ ಬರ್ದಂಗೈತಲ್ಲ!'
ಪದ್ಯವಲ್ಲ.
ತಪ್ಪಿದ್ದರೆ ಅದೊಂದೇ ಹೊಲಿಗೆ ಬಿಚ್ಚಬಹುದು,
ಇಡೀ ಕಾಲು ಬಿಚ್ಚಬೇಕಿಲ್ಲ.

ಶ್ರಾವಣದಲ್ಲಿ ಮೊದಲ ತಿದ್ದುಪಡಿ ಬಂತು.
ಊರು ಗೊತ್ತಿಲ್ಲ; ಹೆಸರಿನ ಜಾಗದಲ್ಲಿ 'ಗುಬ್ಬಿ೭೧'.
ಕೆಂಪಿನಲ್ಲಿ ನಮ್ಮ ಸಾಲು:
ಕಾಲಿನ ಉದ್ದಕ್ಕೆ ಅರ್ಧ ಇಂಚು ಸೇರಿಸಿ.
ಹಸಿರಿನಲ್ಲಿ ಅವರದು:
ಒಂದೂಕಾಲು ಇಂಚು ಸೇರಿಸಿ, ಒಗೆದರೆ ಬಟ್ಟೆ ಕುಗ್ಗುತ್ತದೆ.
ನನಗೆ ಸಿಟ್ಟು. ಮೂವತ್ತು ವರ್ಷ ಕತ್ತರಿ ಹಿಡಿದ ಕೈಗೆ
ಗುಬ್ಬಿಯ ಪಾಠವೇ?
ಮಾಸ್ಟರ್ ಮಾತಾಡಲಿಲ್ಲ.
ವಾಷಿಂಗಿನಿಂದ ಬಂದ ಪ್ಯಾಂಟೊಂದನ್ನು ತಿರುವಿ ಹಾಸಿ
ಟೇಪಿಟ್ಟ. ಮತ್ತೊಮ್ಮೆ ಇಟ್ಟ.
ನೀಲಿಗಟ್ಟಿದ ಉಗುರು ಅಂಕಿಯ ಮೇಲೆ ನಿಂತಿತು.
'ನಾವು ಒಗೀದ ಬಟ್ಟಿ ಅಳದ್ವಿ' ಎಂದ,
ತನಗೇ ಹೇಳಿಕೊಂಡಂತೆ.

ಒಪ್ಪಿಗೆ ಎಂದು ಒತ್ತಿದೆ,
ಅಲ್ಲ, ಕ್ಲಿಕ್ ಮಾಡಿದೆ.
ಆ ಅಲ್ಪವಿರಾಮದಲ್ಲಿ ಮುರಿದು ಎರಡು ಸಾಲು ಮಾಡಿದೆ,
ನಿಯಮ ಗುಬ್ಬಿಗೂ ಒಂದೇ.

ಬಲಗಡೆಯ ತೆಲುಗಿನಲ್ಲಿ ಇನ್ನೂ ಅರ್ಧ ಇಂಚೇ ಇದೆ.
ಶಶಿರೇಖ ಕಲ್ಯಾಣದುರ್ಗದ ಬಸ್ಸು ಹತ್ತಿಯಾಗಿತ್ತು.
ಓದುವವರಿಗೆ ಕಾಣದ ಗುರುತಿನೊಳಗೆ
ಅವಳಿಗೊಂದು ಸಾಲು ಬಿಟ್ಟು ಎದ್ದೆ:
ಇಲ್ಲಿ ಕುಗ್ಗಿದೆ, ನಾಳೆ ನೋಡು.