ಮುಧೋಳದ ತನಕ ಒಂದ ಉಸಿರು

ಮುಂಜಾನಿ ಐದಕ್ಕ ನಮ್ಮ ಮನ್ಯಾಗ
ಮೊದಲ ಏಳೂದು ನಾನಲ್ಲ, ನನ್ನ ಕೆಮ್ಮು.
ನೀಲಿ ಪಂಪು ಅಲ್ಲಾಡಿಸಿ, ಪ್ಲಾಸ್ಟಿಕ್ ಬುರುಡಿಗೆ ಬಾಯಿ ಹಚ್ಚಿ
ಒಂದು. ಹತ್ತು ಎಣಸೂತನಕ ಒಳಗ ಹಿಡದಿಡೂದು.
ಇನ್ನೊಂದು.
ಆಮ್ಯಾಲ ಮಷೀನು ಗುರ್ ಅಂತೈತಿ,
ಉಪ್ಪುನೀರಿನ ಮಂಜು ಮಾರಿಗೆ.
ಬಿಸಲೂರಾಗ ಹುಟ್ಟಿದಾಕಿಗೆ
ಮಂಜು ಅಂದ್ರ ಇದ, ಹದಿನೈದು ನಿಮಿಷ.

ಸ್ಕ್ಯಾನಿನ ಹಾಳಿ ಬೆಳಕಿಗೆ ಹಿಡದು ಡಾಕ್ಟರು ಅಂದಿದ್ರು:
ಉಸಿರಿನ ಕೊಳವಿ ಅಗಲ ಆಗ್ಯಾವ್ರೀ,
ಸಣ್ಣಾಕಿ ಇದ್ದಾಗ ನಾಯಿಕೆಮ್ಮು ಬಂದಿತ್ತೇನು?
ಅಗಲ ಆದದ್ದು ಮತ್ತ ಸಣ್ಣ ಆಗಂಗಿಲ್ಲ.

ನಗು ಬಂತು.
ಹಳೇ ಬಾಗಲಕೋಟ್ಯಾಗ ನಮ್ಮ ಓಣಿ ಹೆಂಗಿತ್ತಂದ್ರ
ಎರಡು ಸೈಕಲ್ಲು ಎದುರಾದ್ರ ಒಂದು ಇಳೀಬೇಕಿತ್ತು.
ಮುಳುಗಡಿ ಆತು. ನವನಗರಕ್ಕ ಬಂದ್ವಿ,
ಸೆಕ್ಟರು, ನಂಬರು, ಲಾರಿ ತಿರುಗೂವಷ್ಟು ರಸ್ತೆ.
ಎಲ್ಲಾರಿಗೂ ಹೊರಗ ಅಗಲ ಮಾಡಿಕೊಟ್ರು,
ನನಗ ಒಳಗೂ.

ಸರಕಾರದ ಹಿನ್ನೀರು ಬ್ಯಾಸಿಗ್ಯಾಗ ತಾನ ಇಳೀತೈತಿ,
ನಮ್ಮ ಮನಿ ಪಾಯಾ, ಒಳಕಲ್ಲಿನ ಕುಣಿ ಕಾಣಸ್ತಾವ.
ನನ್ನ ಹಿನ್ನೀರು ನಾನ ಇಳಸಬೇಕು,
ದಿನಾ ಎರಡು ಸಲ.

ಅದಕ್ಕ ತಮ್ಮ ಬರ್ತಾನ.
ಹೆಸರು ಯಮನಪ್ಪ, ಕೆಲಸ ಉಸಿರು ಕೊಡೂದು.
ಸೊಂಟದ ಕೆಳಗ ಎರಡು ದಿಂಬಿಟ್ಟು, ತಲಿ ಇಳೇಬಿಟ್ಟು ಮಕ್ಕೊಂಡ್ರ
ಬೊಗಸಿಗೈ ಮಾಡಿ ಬೆನ್ನಿಗೆ ಬಡೀತಾನ.
ಫಿಜಿಯೋ ಬಾಯಾರು ಕಲಸಾಕ ಬಂದಾಗ
"ನನಗ ಬರ್ತೈತಿ ಬಿಡ್ರಿ" ಅಂದಿದ್ದ,
ಇಪ್ಪತ್ತು ವರ್ಷ ಹೋಳಿಗೆ ಹಲಗಿ ಬಾರಿಸಿದ ಕೈ.
"ಇದು ಕಾಯಿಸಿದ ಚರ್ಮ ಅಲ್ಲಪಾ,
ಟಪ್ ಅಲ್ಲ, ಡಬ್ ಅನ್ನಬೇಕು" ಅಂತ ಬೈದ್ರು.
ಕಲತ.
ಅಕ್ಕನ್ನ ಹೊಡ್ಯಾಕಹತ್ತ್ಯಾನಂತ
ಬಾಜೂಮನಿ ಗಂಗಕ್ಕ ಒಮ್ಮೆ ಬಾಗಲಾ ಬಡದಿದ್ಲು.

ಕನ್ನಡಿಗೆ ಹಬಿ ಊದಿದಂಗ ಹಾ, ಹಾ ಅಂತ ಊದಿದ್ರ ಬರ್ತೈತಿ.
ಬಿಳೇ ಡಬ್ಬ್ಯಾಗ ಬಣ್ಣ ನೋಡೂದು.
ತಿಳಿ ಇದ್ರ ಚಾ ಕಾಸು.
ಹಳದಿ ಇದ್ರ ಡೈರ್ಯಾಗ ಬರಿ.
ಹಸರು ಇದ್ರ ಮುಚ್ಚಳಾ ಬಿಗಿ ಮಾಡಿ
ಆಟೋದಾಗ ತೊಡಿಮ್ಯಾಲ ಹಿಡಕೊಂಡು ಲ್ಯಾಬಿಗೆ.
"ಏನಕ್ಕಾ, ತುಪ್ಪೇನು?" ಅಂದ ಆಟೋದಾಂವ.
ಹೂಂ ಅಂದೆ.

ಸೋಮವಾರ, ಬುಧವಾರ, ಶುಕ್ರವಾರ ಒಂದು ಗುಳಿಗಿ;
ಸೋಮವಾರ ಈಗ ಶಿವಂದಲ್ಲ, ಗುಳಿಗೀದು.
ಕಡೀಕ ಕಂದು ಪಂಪು. ಬಾಯಿ ಮುಕ್ಕಳಿಸಿ ಉಗಳೂದು,
ಮರತ್ರ ನಾಲಿಗಿಮ್ಯಾಲ ಬಿಳೇ ಪದರು.

ಎಂಟಕ್ಕ ಡ್ಯೂಟಿ. ಬಸ್ ಸ್ಟ್ಯಾಂಡಿನ ಗಾಜಿನ ಖೋಲ್ಯಾಗ
ಮೈಕಿನ ಗುಂಡಿ ಒತ್ತಿ ಅಂತೀನಿ:
ಗದ್ದನಕೇರಿ, ಕಲಾದಗಿ, ಲೋಕಾಪುರ ಮಾರ್ಗವಾಗಿ
ಮುಧೋಳಕ್ಕೆ ಹೋಗುವ ಬಸ್ಸು
ಡಾಕ್ಟರ ಮೀಟರು ಊದೂದು ಆರು ತಿಂಗಳಿಗೊಮ್ಮೆ,
ಇದು ನನ್ನ ಮೀಟರು.
ಚಲೋ ದಿನ ಒಂದ ಉಸಿರಿಗೆ ಮುಧೋಳ ಮುಟ್ಟತೀನಿ.
ಕಬ್ಬಿನ ರವದಿ ಸುಟ್ಟ ಹೊಗಿ ಬಂದ ದಿನ
ಲೋಕಾಪುರಕ್ಕ ಇಳೀತೀನಿ.
ಗುಂಡಿ ಬಿಟ್ಟು, ಸೆರಗಿನ್ಯಾಗ ಕೆಮ್ಮಿ, ಮತ್ತ ಒತ್ತತೀನಿ.
ಕರೆಂಟು ಹೋಗಿತ್ತಂತ ಮಂದಿ ತಿಳಕೋತಾರ.

ಈ ಹೋಳಿಗೆ ಕಿಟಕಿ ಸಂದಿಗೆ ಹಸೇ ಅರಬಿ ತುರಕಿ ಕುಂತಿದ್ದೆ.
ಹಲಗಿ ಮೇಳ ಹೊರಗ ದಾಟಾಕಹತ್ತಿತ್ತು.
ನಡುವ ಬಿಟ್ಟು ಬಂದ ಯಮನಪ್ಪ,
ಅಂಗಿ ಅಂಗಳದಾಗ ತಗದು, ಮೊಣಕೈತನಕ ತೊಳಕೊಂಡು,
ಕಿವ್ಯಾಗ ಮಾತ್ರ ಇನ್ನೂ ಗುಲಾಬಿ.
"ಟೈಮಾತು, ಮಕ್ಕೋ."
ಹೊರಗಿನ ಹೊಡತಕ್ಕ ಕೈ ಜಾರತಿತ್ತು.
"ಯಮನ್ಯಾ, ಡಬ್ ಅನ್ನು" ಅಂದೆ.

ಮರುದಿನ ಮುಧೋಳ ಮುಟ್ಟಲಿಲ್ಲ.
ಕಲಾದಗಿ.
ಬಸ್ಸು ತನ್ನ ವ್ಯಾಳ್ಯಾಕ್ಕ ಹೋತು.