ಹದಿಮೂರು ಅಕ್ಷರ

ಸ್ವಾನ್ಸಿಯಲ್ಲಿ, ಕಡಲಿಗೆ ಬೆನ್ನು ಕೊಟ್ಟ ಬೀದಿಯಲ್ಲಿ
ನಾಣ್ಯ ನುಂಗಿ ಬಟ್ಟೆ ಒಗೆಯುವ ಅಂಗಡಿ.
ಬುಧವಾರ ಗಿರಾಕಿ ಕಡಿಮೆ.
ಗ್ಲೆನಿಸ್ ಪದಬಂಧ ಹಿಡಿದು ಕೂತಿದ್ದಾಳೆ:
‘ತಾನೊಬ್ಬನೇ ಶುದ್ಧ, ಉಳಿದವರೆಲ್ಲ ಕೊಳೆ ಅನ್ನುವವನು.
ಹದಿಮೂರು ಅಕ್ಷರ. ನಿಮ್ಮ ಭಾಷೇಲಿ ಏನಂತಾರೆ?’

ನಮ್ಮಲ್ಲಿ ನಾಲ್ಕೇ, ಅಂದೆ. ಮಡಿವಂತ.

ಹೇಳಿದ್ದೇ ತಪ್ಪಾಯಿತು, ಬಾಲ ಬಿಚ್ಚಿತು ಪದ.
ಮಡಿ ಅಂದರೆ ಒಗೆದದ್ದು.
ಮಡಿ ಅಂದರೆ ಮುಟ್ಟಬೇಡ, ದೂರ ನಿಲ್ಲು.
ಮಡಿಸು ಅಂದರೆ, ಇಗೋ, ಈ ಚಾದರದ ಆ ತುದಿ ಹಿಡಿ, ಹೀಗೆ.
ಮಡಿದ ಅಂದರೆ ಸತ್ತ.
‘ಒಂದೇ ಬುಟ್ಟಿಗೆ ಇಷ್ಟೆಲ್ಲ ತುರುಕಿದ್ದೀರಾ!
ಎಲ್ಲಿ, ವಾಕ್ಯದಲ್ಲಿ ಬಳಸಿ ತೋರಿಸು.’

ನಮ್ಮಪ್ಪ ಮಡಿವಾಳರ ಈರಣ್ಣ ಎಂದು ಹೇಳಲಿಲ್ಲ.
ಅವನು ಒಗೆದು ಒಣಗಿಸಿ ತಂದ ಪಂಚೆಯನ್ನು
ಆ ಮನೆಯವರು ಕೋಲಿನ ತುದಿಯಲ್ಲೆತ್ತಿ
ಇನ್ನೊಮ್ಮೆ ನೀರಿಗೆ ಅದ್ದುತ್ತಿದ್ದರು,
ಅವನ ಬೆರಳು ತೊಳೆದು ಹೋಗಲೆಂದು.
ಮಡಿ ಅವನ ಹೆಸರಲ್ಲೇ ಇತ್ತು.
ಜಗಲಿಯ ಮೇಲೆ ಜಾಗವಿರಲಿಲ್ಲ.

ವಾಕ್ಯ ಹುಡುಕುತ್ತಿದ್ದೆ.
ಅಷ್ಟರಲ್ಲಿ ಕುಡುಕ ಐವರ್ ಬಂದ,
ವಾಂತಿಯಾದ ಕೋಟು ಕಂಕುಳಲ್ಲಿ.
ಆ ಕೊನೆಯ ಮಷಿನ್ನು, ಅಂದೆ. ಅದೊಂದೇ ನಿನಗೆ.
ಗ್ಲವ್ಸ್ ಏರಿಸಿಕೊಂಡೆ.
ಚಿಲ್ಲರೆಯನ್ನು ಕೈಗೆ ಕೊಡಬೇಡ,
ಹಳೇ ಪೇಪರಿನ ಮೇಲಿಡು.
ಇಟ್ಟ. ನಾಣ್ಯಗಳೂ ನಡುಗುತ್ತಿದ್ದವು.

ಗ್ಲೆನಿಸ್ ತಲೆ ಎತ್ತಿದಳು.
‘ವಾಕ್ಯ ಬೇಡ ಬಿಡು,’ ಅಂದಳು,
ಚೌಕಗಳನ್ನು ತುಂಬತೊಡಗಿದಳು.

ಮಷಿನ್ನಿನ ಸದ್ದಿಗೆ ಕೇಳಿಸಲಿಲ್ಲ ಎಂಬಂತೆ
ಗ್ಲವ್ಸ್ ಕಳಚುತ್ತಾ ನಿಂತೆ,
ಒಂದೊಂದೇ ಬೆರಳು.